ದೀಪ ಹಿಡಿದ ನೈಟಿಂಗೇಲ್ ಎಲ್ಲರಿಗೂ ಗೊತ್ತು, ಡಿಸ್ಚಾರ್ಜ್ ಆದವರ ಲೆಕ್ಕ ಕೇಳಿದ ನೈಟಿಂಗೇಲ್?

ಮೇ 12 ಬಂತೆಂದರೆ ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಒಂದು ದೃಶ್ಯ ಕಾಯಂ. ಬಿಳಿ ಸಮವಸ್ತ್ರ ತೊಟ್ಟ ವಿದ್ಯಾರ್ಥಿಗಳು ಸಾಲಾಗಿ ನಿಂತು ದೀಪ ಹಚ್ಚುತ್ತಾರೆ, ನೈಟಿಂಗೇಲ್ ಪ್ರತಿಜ್ಞೆ ಓದುತ್ತಾರೆ. ಆ ಪ್ರತಿಜ್ಞೆಯನ್ನು ಬರೆದವರು ಫ್ಲಾರೆನ್ಸ್ ನೈಟಿಂಗೇಲ್ ಅಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಅವರ ಸಂಗಡಿಗರು ಬರೆದದ್ದು ಅದು. ಕೈಯಲ್ಲಿರುವ ದೀಪವೂ ಅವರದ್ದಲ್ಲ. ಚಿತ್ರಗಳಲ್ಲಿ ಕಾಣುವ ಅಲ್ಲಾವುದ್ದೀನನ ದೀಪದಂಥದ್ದನ್ನು ಅವರು ಹಿಡಿದಿರಲಿಲ್ಲ. ಟರ್ಕಿಯಲ್ಲಿ ಬಳಕೆಯಲ್ಲಿದ್ದ ಮಡಚುವ ಲಾಟೀನು ಹಿಡಿದಿದ್ದರು.

ಇವೆಲ್ಲ ಸಣ್ಣಪುಟ್ಟ ತಪ್ಪುಕಲ್ಪನೆಗಳು, ಯಾರಿಗೂ ನಷ್ಟವಿಲ್ಲ. ಆದರೆ ಇನ್ನೊಂದು ಕಲ್ಪನೆ ಇದೆ: ಕರುಣಾಮಯಿ ಹೆಂಗಸೊಬ್ಬರು ಯುದ್ಧಭೂಮಿಗೆ ಹೋದರು, ರಾತ್ರಿಯಿಡೀ ಶುಶ್ರೂಷೆ ಮಾಡಿದರು, ಸಾಯುತ್ತಿದ್ದ ಸೈನಿಕರು ಬದುಕಿಕೊಂಡರು. ಶಾಲೆಯ ಪಾಠದಲ್ಲಿ ನಾವೆಲ್ಲ ಓದಿದ್ದು ಇದನ್ನೇ. ನಿಜವಾಗಿ ನಡೆದದ್ದು ಬೇರೆ. ಅದು ಇಂದಿಗೂ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಯೊಂದಕ್ಕೆ ತಳುಕು ಹಾಕಿಕೊಂಡಿದೆ.

ಪ್ರಶ್ನೆ ಇದು. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು, ಆಪರೇಷನ್ ಆಯಿತು, ಐದಾರು ದಿನಕ್ಕೆ ಆಸ್ಪತ್ರೆಯವರು ಡಿಸ್ಚಾರ್ಜ್ ಎಂದರು. ಈಗ ಅಜ್ಜಿಯನ್ನು ಮನೆಗೆ ಕರೆದುಕೊಂಡು ಹೋಗುವುದೋ, ಫಿಸಿಯೋಥೆರಪಿ ಇರುವ ಪುನಶ್ಚೇತನ ಕೇಂದ್ರಕ್ಕೆ ಸೇರಿಸುವುದೋ, ಅಥವಾ ಚಿಕ್ಕದೊಂದು ನರ್ಸಿಂಗ್ ಹೋಮಿನಲ್ಲಿ ಇನ್ನೂ ಒಂದು ತಿಂಗಳು ಇರಿಸುವುದೋ? ಎಲ್ಲಿದ್ದರೆ ಬೇಗ ಚೇತರಿಸಿಕೊಳ್ಳುತ್ತಾರೆ? ಪರಿಚಯದ ಡಾಕ್ಟರು ಒಂದು ಹೇಳುತ್ತಾರೆ, ಪಕ್ಕದ ಮನೆಯವರು ಇನ್ನೊಂದು. ಇದನ್ನು ಅಳೆದು ಹೇಳುವುದು ಹೇಗೆ? ಮನೆ, ಆಸ್ಪತ್ರೆ, ಆರೈಕೆ ಕೇಂದ್ರ ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಬೇಕು ಎಂದು ಹಟ ಹಿಡಿದ ಮೊದಲಿಗರಲ್ಲಿ ನೈಟಿಂಗೇಲ್ ಒಬ್ಬರು.

ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಇಂಗ್ಲೆಂಡಿನಲ್ಲಿ ಎರಡೆರಡು ದೊಡ್ಡ ಬಂಗಲೆಗಳಿದ್ದ ಸಿರಿವಂತ ಕುಟುಂಬ. ಹೆಣ್ಣುಮಕ್ಕಳಿಗೆ ತಂದೆಯೇ ಗ್ರೀಕ್, ಲ್ಯಾಟಿನ್, ಇತಿಹಾಸ ಕಲಿಸಿದರು. ಫ್ಲಾರೆನ್ಸ್‌ಗೆ ಮಾತ್ರ ಗಣಿತದ ಹುಚ್ಚು. ಇಪ್ಪತ್ತರ ಹರೆಯದಲ್ಲಿ, ಮನೆಯವರು ಏಳುವ ಮುನ್ನವೇ ಎದ್ದು, ಆಸ್ಪತ್ರೆಗಳ ವರದಿಗಳನ್ನೂ ಸರಕಾರದ ಆರೋಗ್ಯ ದಾಖಲೆಗಳನ್ನೂ ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ನರ್ಸ್ ಆಗುತ್ತೇನೆ ಎಂದಾಗ ಮನೆಯಲ್ಲಿ ರಂಪವಾಯಿತು. ಆ ಕಾಲದಲ್ಲಿ ನರ್ಸ್ ಎಂದರೆ ಬೇರೆ ಗತಿಯಿಲ್ಲದವರು ಮಾಡುವ ಕೆಲಸ, ಕುಡುಕರೆಂಬ ಅಪಖ್ಯಾತಿ ಬೇರೆ. ವರ್ಷಗಟ್ಟಲೆ ಜಗ್ಗಾಟದ ನಂತರ 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ಮೂರು ತಿಂಗಳು ತರಬೇತಿ ಪಡೆದರು. 1853ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟಿನಲ್ಲಿದ್ದ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಕರಾದರು. ಮುಂದಿನ ವರ್ಷ ಯುದ್ಧ.

ಸ್ಕುಟಾರಿಯಲ್ಲಿ ನಡೆದದ್ದು

ಕ್ರಿಮಿಯಾದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಒಂದು ಕಡೆ, ರಷ್ಯಾ ಇನ್ನೊಂದು ಕಡೆ. ಗಾಯಗೊಂಡವರ, ಕಾಯಿಲೆ ಬಿದ್ದವರ ದುರವಸ್ಥೆ ಲಂಡನ್ನಿನ ಪತ್ರಿಕೆಗಳಲ್ಲಿ ಬಂದು ಜನ ಸಿಟ್ಟಾದರು. ಯುದ್ಧ ಖಾತೆಯ ಸಚಿವ ಸಿಡ್ನಿ ಹರ್ಬರ್ಟ್ ನೈಟಿಂಗೇಲರ ಆಪ್ತ ಸ್ನೇಹಿತರು. ಅವರ ಕೋರಿಕೆಯಂತೆ 38 ನರ್ಸುಗಳ ತಂಡದೊಂದಿಗೆ ನೈಟಿಂಗೇಲ್ 1854ರ ನವೆಂಬರ್ 4ರಂದು ಸ್ಕುಟಾರಿಗೆ ಬಂದಿಳಿದರು. ಇಂದಿನ ಇಸ್ತಾಂಬುಲ್‌ನ ಉಸ್ಕುದಾರ್ ಅದು.

ಇಲ್ಲೊಂದು ವಿಷಯ ಗಮನಿಸಬೇಕು. ಸ್ಕುಟಾರಿ ಯುದ್ಧಭೂಮಿಯಲ್ಲಿ ಇರಲಿಲ್ಲ. ಕಾಯಿಲೆ ಬಿದ್ದವರನ್ನು ಕ್ರಿಮಿಯಾದಿಂದ ಹಡಗಿಗೆ ಹತ್ತಿಸಿ, ಕಪ್ಪು ಸಮುದ್ರ ದಾಟಿಸಿ, ಇಲ್ಲಿಗೆ ಕರೆತರುತ್ತಿದ್ದರು. ಅಂದರೆ ಒಂದೇ ಸೇನೆಯ ರೋಗಿಗಳಿಗೆ ಎರಡು ಬಗೆಯ ಜಾಗಗಳಿದ್ದವು. ಮುಂಚೂಣಿಯಲ್ಲೇ ಇದ್ದ ಸಣ್ಣ ರೆಜಿಮೆಂಟ್ ಆಸ್ಪತ್ರೆಗಳು ಒಂದು ಬಗೆ, ದೂರದ ಈ ದೊಡ್ಡ ಆಸ್ಪತ್ರೆ ಇನ್ನೊಂದು. ದೊಡ್ಡದರಲ್ಲಿ ಬದುಕುವ ಅವಕಾಶ ಹೆಚ್ಚು ಎಂದು ಯಾರಾದರೂ ಭಾವಿಸುತ್ತಾರೆ.

ನೈಟಿಂಗೇಲ್ ಅಡುಗೆಮನೆ ಸರಿಪಡಿಸಿದರು, ಬಟ್ಟೆ ಒಗೆಯುವ ವ್ಯವಸ್ಥೆ ಮಾಡಿದರು, ಅಂಗಿ, ಚಾದರ, ಪಾತ್ರೆ ತರಿಸಿದರು. ಆದರೂ ಆ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ, ಏರಿತು. 1855ರ ಫೆಬ್ರುವರಿಯಲ್ಲಿ ಚಿಕಿತ್ಸೆ ಪಡೆದ ಪ್ರತಿ ನೂರು ರೋಗಿಗಳಲ್ಲಿ 42ಕ್ಕೂ ಹೆಚ್ಚು ಮಂದಿ ಸತ್ತರು. ಕಾಲರಾ, ಭೇದಿ, ಟೈಫಸ್ ಕೊಂದಷ್ಟು ಜನರನ್ನು ಗುಂಡು ಕೊಲ್ಲಲಿಲ್ಲ. ಮಾರ್ಚ್‌ನಲ್ಲಿ ಸರಕಾರ ಕಳುಹಿಸಿದ ನೈರ್ಮಲ್ಯ ಆಯೋಗ ಬಂತು, ಅದರಲ್ಲಿ ಡಾ. ಜಾನ್ ಸದರ್ಲೆಂಡ್, ಇಂಜಿನಿಯರ್ ರಾಬರ್ಟ್ ರಾಲಿನ್ಸನ್ ಮೊದಲಾದವರಿದ್ದರು. ಆಸ್ಪತ್ರೆಯ ಕಟ್ಟಡದಡಿಯ ಚರಂಡಿಗಳೆಲ್ಲ ಕಟ್ಟಿಕೊಂಡು ಕೊಳೆತಿದ್ದವು. ನೀರು ಬರುವ ದಾರಿಯಲ್ಲಿ ಕುದುರೆಯ ಹೆಣ ಬಿದ್ದಿತ್ತು. ಆಯೋಗದವರು ಚರಂಡಿ ತೊಳೆಸಿದರು, ಗೋಡೆಗೆ ಸುಣ್ಣ ಹೊಡೆಸಿದರು, ಗಾಳಿಯಾಡುವಂತೆ ಮಾಡಿದರು. ಜೂನ್ ವೇಳೆಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಚಳಿಗಾಲ ಮುಗಿದು ದಟ್ಟಣೆ ತಗ್ಗಿದ್ದೂ ಕಾರಣವಿರಬಹುದು. ಇತಿಹಾಸಕಾರರು ಇದರ ಬಗ್ಗೆ ಇಂದಿಗೂ ವಾದಿಸುತ್ತಾರೆ. ಆದರೆ ಶುಶ್ರೂಷೆಯೊಂದೇ ಈ ಪವಾಡ ಮಾಡಿತು ಎಂಬ ಕಥೆ ನಿಲ್ಲುವುದಿಲ್ಲ.

1856ರಲ್ಲಿ ನೈಟಿಂಗೇಲ್ ಊರಿಗೆ ಮರಳಿದಾಗ ದೇಶವೇ ಅವರನ್ನು ಕೊಂಡಾಡುತ್ತಿತ್ತು. ಅವರು ಮೆರವಣಿಗೆಗೆ ಹೋಗಲಿಲ್ಲ, ಲೆಕ್ಕಕ್ಕೆ ಕೂತರು. ಜೊತೆಯಾದವರು ವಿಲಿಯಂ ಫಾರ್. ಇಂಗ್ಲೆಂಡಿನ ಜನನ-ಮರಣ ನೋಂದಣಿ ಕಚೇರಿಯಲ್ಲಿದ್ದ, ಆ ಕಾಲದ ದೊಡ್ಡ ಆರೋಗ್ಯ ಸಂಖ್ಯಾಶಾಸ್ತ್ರಜ್ಞ. ಲೆಕ್ಕ ಬಿಡಿಸುತ್ತಾ ಹೋದಂತೆ ಎರಡು ಸಂಗತಿ ಹೊರಬಿದ್ದವು. ಮೊದಲನೆಯದು, ಸೇನೆಯ ಬೇರೆ ಬೇರೆ ವಿಭಾಗಗಳು ಇಟ್ಟಿದ್ದ ಸಾವಿನ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಎರಡನೆಯದು, ಮುಂಚೂಣಿಯ ಸಣ್ಣ ಆಸ್ಪತ್ರೆಗಳಿಗಿಂತ ಸ್ಕುಟಾರಿಯೇ ಹೆಚ್ಚು ಮಾರಕವಾಗಿತ್ತು. ತಾವು ಹಗಲಿರುಳು ದುಡಿದ ಜಾಗವೇ ರೋಗಿಗಳನ್ನು ಕೊಂದಿತು ಎಂಬುದು ಅವರಿಗೆ ಅಂಕಿಗಳಲ್ಲಿ ಕಂಡಿತು. ಈ ಅರಿವು ಅವರನ್ನು ಕುಗ್ಗಿಸಿತು ಎಂದು ಕೆಲವು ಜೀವನಚರಿತ್ರೆಕಾರರು ಬರೆಯುತ್ತಾರೆ. ಮನಸ್ಸಿನಲ್ಲಿ ಏನಾಯಿತೋ ಅದು ಹಾಗಿರಲಿ, ಮಾಡಿದ್ದು ಮಾತ್ರ ನಮ್ಮ ಕಣ್ಣ ಮುಂದಿದೆ. ಆ ಅಂಕಿಗಳನ್ನು ಮುಚ್ಚಿಡುವ ಬದಲು ಬಣ್ಣದ ಚಿತ್ರ ಮಾಡಿ ದೊರೆಗಳಿಗೆ, ಮಂತ್ರಿಗಳಿಗೆ ಹಂಚಿದರು. 1858ರ ಆ ಪ್ರಸಿದ್ಧ ವೃತ್ತಚಿತ್ರದಲ್ಲಿ ನೀಲಿ ಭಾಗ ತಡೆಯಬಹುದಾಗಿದ್ದ ರೋಗಗಳ ಸಾವು, ಕೆಂಪು ಗಾಯದ ಸಾವು, ಕಪ್ಪು ಉಳಿದೆಲ್ಲ. ಕೆಂಪನ್ನು ನೀಲಿ ನುಂಗಿಹಾಕಿದೆ. (ಪೈ ಚಾರ್ಟ್ ಕಂಡುಹಿಡಿದವರು ನೈಟಿಂಗೇಲ್ ಎಂದು ವಾಟ್ಸಾಪ್‌ನಲ್ಲಿ ಬಂದರೆ ನಂಬಬೇಡಿ. ಪೈ ಚಾರ್ಟ್ ವಿಲಿಯಂ ಪ್ಲೇಫೇರ್ 1801ರಲ್ಲೇ ಬಳಸಿದ್ದರು.) ಅದೇ 1858ರಲ್ಲಿ ಲಂಡನ್ನಿನ ಸ್ಟಾಟಿಸ್ಟಿಕಲ್ ಸೊಸೈಟಿ ಅವರನ್ನು ತನ್ನ ಮೊದಲ ಮಹಿಳಾ ಸದಸ್ಯರನ್ನಾಗಿ ಆರಿಸಿತು.

ಒಂದೇ ಫಾರ್ಮು, ಏಳು ಕಾಲಂ

ಲಂಡನ್ನಿನ ಆಸ್ಪತ್ರೆಗಳ ಕಡೆ ತಿರುಗಿದಾಗ ಅಲ್ಲೂ ಅದೇ ಗೊಂದಲ. ಪ್ರತಿ ಆಸ್ಪತ್ರೆ ತನಗೆ ತೋಚಿದಂತೆ ಲೆಕ್ಕ ಇಡುತ್ತಿತ್ತು, ಒಂದೇ ಕಾಯಿಲೆಗೆ ಹತ್ತು ಹೆಸರು. ಎರಡು ಆಸ್ಪತ್ರೆಗಳನ್ನು ಹೋಲಿಸುವುದಕ್ಕೆ ಆಧಾರವೇ ಇಲ್ಲ. 1860ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ನಡೆದಾಗ ನೈಟಿಂಗೇಲ್ ಎಲ್ಲ ಆಸ್ಪತ್ರೆಗಳಿಗೂ ಒಂದೇ ಮಾದರಿಯ ಫಾರ್ಮು ಮುಂದಿಟ್ಟರು.

ಅದರಲ್ಲಿ ಕೇಳಿದ್ದು ಇಷ್ಟು: ವರ್ಷದ ಮೊದಲ ದಿನ ಆಸ್ಪತ್ರೆಯಲ್ಲಿದ್ದವರು ಎಷ್ಟು, ವರ್ಷದಲ್ಲಿ ದಾಖಲಾದವರು ಎಷ್ಟು, ಗುಣವಾಗಿಯೋ ತುಸು ಉಪಶಮನವಾಗಿಯೋ ಹೋದವರು ಎಷ್ಟು, ಗುಣವಾಗದೆಯೇ, ಶಿಸ್ತು ಮುರಿದದ್ದಕ್ಕೆ ಅಥವಾ ತಾವೇ ಕೇಳಿಕೊಂಡು ಹೊರಬಿದ್ದವರು ಎಷ್ಟು, ಸತ್ತವರು ಎಷ್ಟು, ವರ್ಷದ ಕೊನೆಗೆ ಉಳಿದವರು ಎಷ್ಟು, ಮತ್ತು ಒಬ್ಬೊಬ್ಬ ರೋಗಿ ಸರಾಸರಿ ಎಷ್ಟು ದಿನ ಇದ್ದ. ಇದೆಲ್ಲ ಕಾಯಿಲೆವಾರು, ವಯಸ್ಸುವಾರು, ಗಂಡು-ಹೆಣ್ಣು ಬೇರೆ ಬೇರೆ.

ನೋಡಲು ಗುಮಾಸ್ತರ ಪಟ್ಟಿ. ಆದರೆ ನಾಲ್ಕನೇ ಕಾಲಂ ಮೇಲೆ ಸ್ವಲ್ಪ ಕಣ್ಣಿಡಿ. ಸಾಯುವ ಸ್ಥಿತಿಯ ರೋಗಿಯನ್ನು ಹಿಂದಿನ ದಿನವೇ ಮನೆಗೆ ಕಳುಹಿಸಿಬಿಟ್ಟರೆ ಆಸ್ಪತ್ರೆಯ ಸಾವಿನ ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ಗುಣವಾಗದೆ ಹೊರಬಿದ್ದವರನ್ನು ಬೇರೆಯಾಗಿ ಎಣಿಸಿದರೆ ಆ ಚಾಲಾಕಿ ನಡೆಯುವುದಿಲ್ಲ. ಏಳನೆಯದೂ ಹಾಗೆಯೇ. ಬದುಕಿದ ಅಂದರೆ ಸಾಲದು, ಬದುಕಲು ಎಷ್ಟು ದಿನ ಹಿಡಿಯಿತು ಎಂಬುದೂ ಬೇಕು. ಸಾವೊಂದನ್ನೇ ಅಳೆದರೆ ಆಸ್ಪತ್ರೆಯ ಗುಣ ತಿಳಿಯದು ಎಂದು ಅವರು ಮತ್ತೆ ಮತ್ತೆ ಹೇಳಿದ್ದು ಇದಕ್ಕೇ.

ಲಂಡನ್ನಿನ ಕೆಲವು ಆಸ್ಪತ್ರೆಗಳು ಸ್ವಲ್ಪ ಕಾಲ ಈ ಫಾರ್ಮು ತುಂಬಿದವು, ಆಮೇಲೆ ಖರ್ಚು ಹೆಚ್ಚು, ಪ್ರಯೋಜನ ಕಡಿಮೆ ಎಂದು ಕೈಬಿಟ್ಟವು. ಈ ಕಥೆಗೆ ಒಂದು ತೀರಾ ಇತ್ತೀಚಿನ ಜೋಡಿ ಇದೆ. ಅಮೆರಿಕದಲ್ಲಿ ವೃದ್ಧರ ಸರಕಾರಿ ವಿಮೆಯಾದ ಮೆಡಿಕೇರ್, ಆಸ್ಪತ್ರೆಯಿಂದ ಹೊರಬಂದವರ ಆರೈಕೆಗೆ ನಾಲ್ಕು ಬಗೆಯ ಕಡೆ ಹಣ ಕೊಡುತ್ತದೆ: ದೀರ್ಘಾವಧಿ ಆಸ್ಪತ್ರೆ, ಪುನಶ್ಚೇತನ ಆಸ್ಪತ್ರೆ, ನರ್ಸಿಂಗ್ ಕೇಂದ್ರ, ಮನೆಗೇ ಬಂದು ಮಾಡುವ ಆರೈಕೆ. ನಾಲ್ಕಕ್ಕೂ ನಾಲ್ಕು ಬೇರೆ ಫಾರ್ಮು. ರೋಗಿ ಎದ್ದು ನಡೆಯಬಲ್ಲನೇ ಎಂಬುದನ್ನೂ ಒಂದೊಂದು ಕಡೆ ಒಂದೊಂದು ರೀತಿ ಅಳೆಯುತ್ತಿದ್ದರು. ಎಲ್ಲ ಕಡೆಯೂ ಒಂದೇ ಬಗೆಯ ಪ್ರಶ್ನೆಗಳಿರಬೇಕು ಎಂದು ಕಾನೂನು ಬಂದದ್ದು 2014ರಲ್ಲಿ.

ಛೇದದ ಜಗಳ

ಭಿನ್ನರಾಶಿಯಲ್ಲಿ ಮೇಲಿನದು ಅಂಶ, ಕೆಳಗಿನದು ಛೇದ ಎಂದು ಐದನೇ ಕ್ಲಾಸಿನಲ್ಲಿ ಕಲಿತದ್ದು ನೆನಪಿದೆಯಲ್ಲ? 1863ರಲ್ಲಿ ಇಂಗ್ಲೆಂಡಿನ ವೈದ್ಯರೆಲ್ಲ ಛೇದದ ಮೇಲೆ ಜಗಳ ಕಾದರು.

ಆ ವರ್ಷ ನೈಟಿಂಗೇಲ್ ಆಸ್ಪತ್ರೆಗಳ ಕುರಿತ ತಮ್ಮ ಪುಸ್ತಕದ ಮೂರನೇ ಆವೃತ್ತಿಯಲ್ಲಿ ಫಾರ್ ಅವರ ಪಟ್ಟಿಯೊಂದನ್ನು ಸೇರಿಸಿದರು. ಅದರ ಪ್ರಕಾರ 1861ರಲ್ಲಿ ಲಂಡನ್ನಿನ 24 ಆಸ್ಪತ್ರೆಗಳ ಮರಣ ಪ್ರಮಾಣ ಶೇ. 90.84. ಊರಕಡೆಯ ಜಿಲ್ಲಾ ಆಸ್ಪತ್ರೆಗಳದ್ದು ಶೇ. 39.41. ಲಂಡನ್ನಿನಲ್ಲಿ ಆಸ್ಪತ್ರೆ ಸೇರಿದ ಹತ್ತರಲ್ಲಿ ಒಂಬತ್ತು ಜನ ಸಾಯುತ್ತಾರೆಯೇ? ಓದಿದವರು ಬೆಚ್ಚಿಬಿದ್ದರು.

ಇಲ್ಲ, ಹಾಗಲ್ಲ. ಲಂಡನ್ನಿನ ಆ ಆಸ್ಪತ್ರೆಗಳಲ್ಲಿ ವರ್ಷವಿಡೀ ಸತ್ತವರು 3,828. ಅದನ್ನು ಭಾಗಿಸಿದ್ದು ವರ್ಷವಿಡೀ ದಾಖಲಾದವರಿಂದಲ್ಲ. 1861ರ ಏಪ್ರಿಲ್ 8ರ ಜನಗಣತಿಯ ದಿನ ಹಾಸಿಗೆಯಲ್ಲಿದ್ದ 4,214 ಜನರಿಂದ. ಹೀಗೆ ಮಾಡಿದರೆ ಏನಾಗುತ್ತದೆ? ನಾವೇ ಒಂದು ಕಾಲ್ಪನಿಕ ಲೆಕ್ಕ ಮಾಡೋಣ. 100 ಹಾಸಿಗೆಯ ಒಂದು ಆಸ್ಪತ್ರೆ. ರೋಗಿ ಸರಾಸರಿ ಒಂದು ತಿಂಗಳು ಇರುತ್ತಾನೆ, ವರ್ಷಕ್ಕೆ 1,200 ರೋಗಿಗಳು, ಸತ್ತವರು 90. ಇನ್ನೊಂದೂ 100 ಹಾಸಿಗೆಯದೇ, ಆದರೆ ರೋಗಿ ಆರು ತಿಂಗಳು ಇರುತ್ತಾನೆ, ವರ್ಷಕ್ಕೆ 200 ರೋಗಿಗಳು, ಸತ್ತವರು 30. ಹಾಸಿಗೆಯ ಲೆಕ್ಕದಲ್ಲಿ ಮೊದಲನೆಯದಕ್ಕೆ ಶೇ. 90, ಎರಡನೆಯದಕ್ಕೆ ಶೇ. 30, ಮೊದಲನೆಯದು ಯಮಲೋಕ. ರೋಗಿಗಳ ಲೆಕ್ಕದಲ್ಲಿ ಮೊದಲನೆಯದಕ್ಕೆ ಶೇ. 7.5, ಎರಡನೆಯದಕ್ಕೆ ಶೇ. 15, ಈಗ ಎರಡನೆಯದೇ ಕೆಟ್ಟದ್ದು. ಸತ್ತವರು ಅಷ್ಟೇ, ಆಸ್ಪತ್ರೆಗಳು ಅವೇ, ಛೇದ ಬದಲಾದೊಡನೆ ತೀರ್ಪು ತಿರುವುಮುರುವು.

ವೈದ್ಯರು ಮುಗಿಬಿದ್ದರು. ಅವರ ಎರಡನೇ ಆಕ್ಷೇಪಣೆ ಇನ್ನೂ ಗಟ್ಟಿ. ಊರಕಡೆಯ ಆಸ್ಪತ್ರೆಗಳು ಸಾಯುವಂಥ ರೋಗಿಗಳನ್ನು ಸೇರಿಸಿಕೊಳ್ಳದೆ ಇರಬಹುದು, ಲಂಡನ್ನಿನ ದೊಡ್ಡ ಆಸ್ಪತ್ರೆಗಳ ಬಾಗಿಲಿಗೆ ರಸ್ತೆ ಅಪಘಾತದವರಿಂದ ಹಿಡಿದು ಕ್ಷಯದ ಕೊನೆಯ ಹಂತದವರ ತನಕ ಬರುತ್ತಾರೆ. ರೋಗಿಗಳೇ ಬೇರೆಯಾದ ಮೇಲೆ ಜಾಗಗಳನ್ನು ಹೋಲಿಸುವುದು ಹೇಗೆ? ಫಾರ್ ತಮ್ಮ ಪಟ್ಟು ಬಿಡಲಿಲ್ಲ. ಅಪಾಯವಿರುವ ಜಾಗದಲ್ಲಿ ಎಷ್ಟು ಕಾಲ ಇದ್ದರು ಎಂಬುದೂ ಲೆಕ್ಕಕ್ಕೆ ಬರಬೇಕು ಎಂಬುದು ಅವರ ವಾದ, ಅದೂ ಪೂರ್ತಿ ಹುಸಿಯಲ್ಲ. ಆದರೆ ಈ ಪಟ್ಟಿಯನ್ನು ನೈಟಿಂಗೇಲ್ ಪುಸ್ತಕಕ್ಕೆ ಸೇರಿಸಬಾರದಿತ್ತು ಎಂದೇ ನಮಗೆ ಅನ್ನಿಸುತ್ತದೆ. ಬರುವ ರೋಗಿಗಳ ವಯಸ್ಸು, ಕಾಯಿಲೆಯ ತೀವ್ರತೆ ನೋಡದೆ ಹೋಲಿಸಬಾರದು ಎಂದು ತಮ್ಮ ಫಾರ್ಮಿನಲ್ಲಿ ತಾವೇ ತೋರಿಸಿಕೊಟ್ಟವರು ಅವರು. ಅಜ್ಜಿಯ ಪ್ರಶ್ನೆಗೂ ಇದೇ ಅಡ್ಡಿ. ಮನೆಗೆ ಹೋದವರು ಬೇಗ ಚೇತರಿಸಿಕೊಂಡರು ಎಂದು ಅಂಕಿ ಹೇಳಿದರೆ, ಮನೆ ಒಳ್ಳೆಯದು ಎಂದಾಗಬಹುದು. ಅಥವಾ ಮೊದಲೇ ಗಟ್ಟಿಮುಟ್ಟಾಗಿದ್ದವರನ್ನು ಮಾತ್ರ ಮನೆಗೆ ಕಳುಹಿಸಿದ್ದರು ಎಂದೂ ಆಗಬಹುದು.

ಅದೇ ಪುಸ್ತಕದಲ್ಲಿ ಇನ್ನೊಂದು ಅಧ್ಯಾಯವಿದೆ, ಅದರ ಬಗ್ಗೆ ಯಾರೂ ಜಗಳವಾಡಲಿಲ್ಲ. ಗಂಡಾಂತರ ಕಳೆದ ರೋಗಿ ಅಗತ್ಯಕ್ಕಿಂತ ಒಂದು ದಿನವೂ ಹೆಚ್ಚು ಆಸ್ಪತ್ರೆಯಲ್ಲಿ ಇರಬಾರದು, ಚೇತರಿಸಿಕೊಳ್ಳಲು ಬೇರೆಯದೇ ಜಾಗ ಬೇಕು, ಅದು ಆಸ್ಪತ್ರೆಯ ಹಾಗೆ ಕಾಣಬಾರದು, ಮನೆಯ ಹಾಗೆ ಇರಬೇಕು ಎಂಬುದು ಅವರ ವಾದ. ಲಿವರ್‌ಪೂಲ್‌ನ ವ್ಯಾಪಾರಿ ವಿಲಿಯಂ ರಾಥ್‌ಬೋನ್ ಬಡವರ ಮನೆಗಳಿಗೇ ನರ್ಸುಗಳನ್ನು ಕಳುಹಿಸುವ ಏರ್ಪಾಡು ಮಾಡಿದಾಗ ಸಲಹೆ ಕೊಟ್ಟವರೂ ನೈಟಿಂಗೇಲ್.

ತಮ್ಮದೇ ವಾರ್ಡಿಗೆ ಬೀಗ

ಸ್ಕುಟಾರಿಯ ಹೆಸರಿನಲ್ಲಿ ಜನ ಕೊಟ್ಟ ದೇಣಿಗೆಯಿಂದ ನೈಟಿಂಗೇಲ್ ನಿಧಿ ಹುಟ್ಟಿತ್ತು. ಆ ಹಣದಿಂದ 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಆರಂಭವಾಯಿತು. ಆಮೇಲೆ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ತರಬೇತಿಗೆಂದು ಹೆರಿಗೆ ವಾರ್ಡು ತೆರೆದರು. ಹಳ್ಳಿಗಳಿಂದ ಬಂದ ಹೆಂಗಸರು ಕಲಿತು ಹಿಂದಿರುಗಿ ತಮ್ಮೂರಿನಲ್ಲಿ ಹೆರಿಗೆ ಮಾಡಿಸಬೇಕೆಂಬುದು ಯೋಜನೆ.

ವಾರ್ಡಿನಲ್ಲಿ ಬಾಣಂತಿಯರು ನಂಜೇರಿ ಸಾಯತೊಡಗಿದರು. ಲೆಕ್ಕ ಹಾಕಿದರೆ ಸಾವಿರ ಹೆರಿಗೆಗೆ 33ರಷ್ಟು ತಾಯಂದಿರ ಸಾವು. ಇಂಗ್ಲೆಂಡಿನ ಒಟ್ಟು ಲೆಕ್ಕದಲ್ಲಿ, ಬಹುಪಾಲು ಹೆರಿಗೆ ಮನೆಯಲ್ಲೇ ಆಗುತ್ತಿದ್ದಾಗ, 1867ರಲ್ಲಿ ಅದು ಸಾವಿರಕ್ಕೆ 5ರ ಆಸುಪಾಸು. ತಮ್ಮ ಹೆಸರಿನ ನಿಧಿಯಿಂದ ನಡೆಯುತ್ತಿದ್ದ, ತಾವೇ ಕನಸು ಕಂಡ ವಾರ್ಡು. 1867ರಲ್ಲಿ ಅದಕ್ಕೆ ಬೀಗ ಬಿತ್ತು.

ಬೀಗ ಹಾಕಿ ಸುಮ್ಮನಾಗಲಿಲ್ಲ. ಬೇರೆ ಕಡೆ ಹೇಗಿದೆ ಎಂದು ಯುರೋಪಿನ ತುಂಬ ಅಂಕಿ ಕೂಡಿಸಿದರು. ಫ್ರೆಂಚ್ ಸರ್ಜನ್ ಲೆಯಾನ್ ಲ ಫೋರ್ ಆಗಲೇ ದೊಡ್ಡ ಸಂಗ್ರಹ ಮಾಡಿದ್ದರು: ಆಸ್ಪತ್ರೆಯ ಹೆರಿಗೆಗಳಲ್ಲಿ ಸಾವಿರಕ್ಕೆ ಸುಮಾರು 34 ತಾಯಂದಿರ ಸಾವು, ಮನೆಯ ಹೆರಿಗೆಗಳಲ್ಲಿ 5ಕ್ಕಿಂತ ಕಡಿಮೆ. 1871ರಲ್ಲಿ ನೈಟಿಂಗೇಲ್ ಇದೆಲ್ಲವನ್ನೂ ಸೇರಿಸಿ ಹೆರಿಗೆ ಆಸ್ಪತ್ರೆಗಳ ಮೇಲೆ ಪುಸ್ತಕ ತಂದರು. ಬಡವರ ಆಶ್ರಯವಾಗಿದ್ದ ವರ್ಕ್‌ಹೌಸ್‌ಗಳ ಹೆರಿಗೆ ಕೋಣೆಗಳು ಸಹ ಹೆಸರಾಂತ ಹೆರಿಗೆ ಆಸ್ಪತ್ರೆಗಳಿಗಿಂತ ಎಷ್ಟೋ ವಾಸಿ ಎಂದು ಅದರ ಪಟ್ಟಿಗಳು ತೋರಿಸಿದವು. ಈ ಸಲ ಅವರು ಹೆಚ್ಚು ಜಾಗರೂಕರು. ಅಂಕಿಗಳು ಎಲ್ಲೆಲ್ಲಿ ಅಪೂರ್ಣ ಎಂದು ಮೊದಲೇ ಹೇಳಿ, ಆಮೇಲೆ ಕಾರಣ ಹುಡುಕುತ್ತಾರೆ: ಒಂದೇ ಕೋಣೆಯಲ್ಲಿ ಬಾಣಂತಿಯರ ದಟ್ಟಣೆ, ಬೇಡದಷ್ಟು ದಿನ ಇರಿಸಿಕೊಳ್ಳುವುದು, ಬೇರೆ ವಾರ್ಡುಗಳಿಂದ ನೇರ ಇಲ್ಲಿಗೆ ಬರುವ ವೈದ್ಯ ವಿದ್ಯಾರ್ಥಿಗಳು. ರೋಗಾಣುವಿನ ವಿಷಯ ಆಗಿನ್ನೂ ಇತ್ಯರ್ಥವಾಗಿರಲಿಲ್ಲ, ನೈಟಿಂಗೇಲ್ ಕೆಟ್ಟ ಗಾಳಿಯೇ ಮೂಲ ಎಂದು ಬಹುಕಾಲ ನಂಬಿದ್ದವರು. ಕಾರಣ ತಪ್ಪಿದರೂ ಎಣಿಕೆ ಸರಿಯಾದ ಜಾಗಕ್ಕೆ ಬೆರಳು ತೋರಿಸಿತ್ತು.

ಇದನ್ನು ಓದಿ ಮನೆಯ ಹೆರಿಗೆಯೇ ಸುರಕ್ಷಿತ ಎಂದು ಯಾರೂ ಇಂದು ವಾದಿಸಬಾರದು. ಆ ಅಂಕಿಗಳು ಕೈತೊಳೆಯದ ಕಾಲದವು; ನಂಜುನಿರೋಧಕ, ಆಂಟಿಬಯೋಟಿಕ್, ರಕ್ತ ಕೊಡುವ ವ್ಯವಸ್ಥೆ ಬಂದ ಮೇಲೆ ಆಸ್ಪತ್ರೆಯ ಹೆರಿಗೆಯ ಲೆಕ್ಕವೇ ಬೇರೆ. ಜಾಗದ ಗುಣ ಶಾಶ್ವತವಲ್ಲ, ಆದ್ದರಿಂದಲೇ ಎಣಿಕೆಯನ್ನು ಒಮ್ಮೆ ಮಾಡಿ ಬಿಡುವಂತಿಲ್ಲ.

ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಆದರೆ ಇಲ್ಲಿನ ಬ್ರಿಟಿಷ್ ಸೇನಾ ನೆಲೆಗಳಿಗೆಲ್ಲ ಪ್ರಶ್ನಾವಳಿ ಕಳುಹಿಸಿ, ಬಂದ ರಾಶಿ ಉತ್ತರಗಳನ್ನು ಲಂಡನ್ನಿನ ಕೋಣೆಯಲ್ಲಿ ಕೂತು ಜಾಲಾಡಿದರು. 1863ರ ಆಯೋಗದ ವರದಿಯ ಪ್ರಕಾರ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಬೆಂಗಳೂರಿನ ದಂಡು ಪ್ರದೇಶವೂ ಆಗ ಅಂಥ ದೊಡ್ಡ ನೆಲೆಗಳಲ್ಲೊಂದು. ನೀರು, ಚರಂಡಿ, ಬ್ಯಾರಕ್‌ಗಳ ಸುಧಾರಣೆಯಾಗಿ ದಶಕದ ನಂತರ ಅದು 18ಕ್ಕೆ ಇಳಿಯಿತು. ಸೈನಿಕರಿಂದ ಶುರುವಾದ ಅವರ ಆಸಕ್ತಿ ಮುಂದೆ ಇಲ್ಲಿನ ಹಳ್ಳಿಗಳ ನೈರ್ಮಲ್ಯ, ಬರಗಾಲ, ನೀರಾವರಿಯ ತನಕ ಬೆಳೆಯಿತು.

ಇಷ್ಟೆಲ್ಲ ಕೆಲಸ ಬಹುಪಾಲು ಹಾಸಿಗೆಯ ಮೇಲಿಂದ. 1857ರಿಂದಲೇ ಆರೋಗ್ಯ ಕೆಟ್ಟಿತ್ತು, ಹೊರಗೆ ಹೋಗುವುದು ಅಪರೂಪ, ಬಂದವರನ್ನೂ ಒಬ್ಬೊಬ್ಬರಾಗಿ ಮಾತ್ರ ನೋಡುತ್ತಿದ್ದರು.

1891ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಆಕ್ಸ್‌ಫರ್ಡ್‌ನಲ್ಲಿ ಅನ್ವಯಿಕ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕ ಪೀಠ ಸ್ಥಾಪಿಸಬೇಕೆಂದು ಫ್ರಾನ್ಸಿಸ್ ಗಾಲ್ಟನ್ ಅವರಿಗೆ ಪತ್ರ ಬರೆದರು. ಆ ಪೀಠ ಉತ್ತರಿಸಬೇಕಾದ ಪ್ರಶ್ನೆಗಳನ್ನೂ ಪಟ್ಟಿ ಮಾಡಿದ್ದರು. ಶಾಲೆ ಬಿಟ್ಟ ಮಕ್ಕಳಲ್ಲಿ ಕಲಿತದ್ದು ಎಷ್ಟು ಉಳಿಯುತ್ತದೆ, ಶಿಕ್ಷೆ ಮುಗಿಸಿ ಹೊರಬಂದವರಲ್ಲಿ ಎಷ್ಟು ಮಂದಿ ಮತ್ತೆ ಜೈಲು ಸೇರುತ್ತಾರೆ, ವರ್ಕ್‌ಹೌಸಿನಲ್ಲಿ ಬೆಳೆದವರು ದೊಡ್ಡವರಾಗಿ ಮತ್ತೆ ಅಲ್ಲಿಗೇ ಮರಳುತ್ತಾರೆಯೇ, ಭಾರತದ ಜನ ಸಿರಿವಂತರಾಗುತ್ತಿದ್ದಾರೋ ಬಡವರಾಗುತ್ತಿದ್ದಾರೋ. ಬಾಗಿಲು ದಾಟಿ ಹೊರಹೋದ ಮೇಲೆ ಏನಾಯಿತು ಎಂಬ ಅದೇ ಹಳೆಯ ಕುತೂಹಲ, ಆಸ್ಪತ್ರೆಯಿಂದ ಶಾಲೆಗೆ, ಜೈಲಿಗೆ ಹರಡಿತ್ತು. ಗಾಲ್ಟನ್ ಜೊತೆ ಪತ್ರಗಳು ಓಡಾಡಿದವು, ಪೀಠ ಆಗಲಿಲ್ಲ.

1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ನೈಟಿಂಗೇಲ್ ಲಂಡನ್ನಿನ ತಮ್ಮ ಮನೆಯಲ್ಲೇ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಲು ಮುಂದೆ ಬಂದರೂ ಮನೆಯವರು ಒಪ್ಪಲಿಲ್ಲ. ಹ್ಯಾಂಪ್‌ಶೈರ್‌ನ ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚಿನಂಗಳದಲ್ಲಿ, ತಂದೆತಾಯಿಯ ಪಕ್ಕ, ಹೆಸರಿನ ಎರಡು ಮೊದಲಕ್ಷರ ಮತ್ತು ಎರಡು ಇಸವಿಗಳನ್ನು ಕೆತ್ತಿದ ಕಲ್ಲಿನಡಿ ಮಣ್ಣು ಮಾಡಿದರು.